ಉಳಿದ ಹಿಡಿ ಅಕ್ಕಿ

ಕಲಬುರಗಿಯಿಂದ ಸೇಡಂ ರಸ್ತೆಯಲ್ಲಿ ಸಾಗುವವರಿಗೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡವು ದೊರೆಯುತ್ತದೆ. ಕ್ರಿ.ಶ. 972ರಲ್ಲಿ ಪರಮಾರ ಸೀಯಕನು ಅದನ್ನು ಸೂರೆಗೈದನು. ಅರಸರ ಭಂಡಾರವು ಅಳಿಯಿತು. ಆದರೆ ಇದೇ ಸೀಮೆಯ ಹಿಡಿ ಅಕ್ಕಿಯೊಂದು ಜನರ ನೆನಪಿನಲ್ಲಿ ಉಳಿದಿದೆ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಸಂಸಾರವನ್ನೂ ದಾಸೋಹವನ್ನೂ ನಡೆಸಿದರು. ಒಮ್ಮೆ ಎಂದಿಗಿಂತ ಹೆಚ್ಚು ತಂದಾಗ, ಅದನ್ನು ಹಿಂದಿರುಗಿಸಿ ಬರುವಂತೆ ಮಡದಿ ಲಕ್ಕಮ್ಮನವರು ಹೇಳಿದರೆಂಬುದು ಶರಣ ಪರಂಪರೆಯ ಮಾತು.

ಇದು ಬಡತನದ ಹೊಗಳಿಕೆಯಲ್ಲ. ಬಿದ್ದ ಕಾಳನ್ನೂ ಕಾಯಕವಾಗಿಸಿದ ವಿವೇಕ. ಇಂದು ಕಲಬುರಗಿಯಲ್ಲಿ ಜೋಳದ ರೊಟ್ಟಿ ತಟ್ಟಿ ಮಾರಿ, ಮನೆಯ ಖರ್ಚಿಗೆ ನಾಲ್ಕು ಕಾಸು ಕೂಡಿಸುವ ತಾಯಂದಿರೂ ಆ ದಾರಿಯವರೇ. ಗಳಿಕೆ ಕಿರಿದೆಂದು ನಾಚಬೇಕಿಲ್ಲ. ಅಗತ್ಯ ಮೀರಿದುದನ್ನು ಹಂಚದಿರುವುದಕ್ಕೆ ನಾಚಬೇಕು.