ದೂರವಾಣಿ ಜಾಲದಲ್ಲಿ ಬದಲಿ ಸಂಪರ್ಕ ಮಾರ್ಗ: ಕಾರ್ಯವಿಧಾನ ಮತ್ತು ಮಿತಿಗಳು

ದೂರವಾಣಿ ವಿನಿಮಯ ಕೇಂದ್ರಗಳನ್ನು ಪರಸ್ಪರ ಜೋಡಿಸುವ ಆಪ್ಟಿಕಲ್ ಫೈಬರ್ ಕೇಬಲ್ ತುಂಡಾದಲ್ಲಿ ಸಾವಿರಾರು ಕರೆಗಳು ಏಕಕಾಲಕ್ಕೆ ಸ್ಥಗಿತಗೊಳ್ಳುವ ಸಂಭವವಿರುತ್ತದೆ. ಇದನ್ನು ತಪ್ಪಿಸಲು ಮುಖ್ಯ ಮಾರ್ಗದ ಜೊತೆಗೆ ಬದಲಿ ಮಾರ್ಗವನ್ನೂ ಕಲ್ಪಿಸಲಾಗುತ್ತದೆ. ಇದರ ಕಾರ್ಯವಿಧಾನವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ದೋಷ ಪತ್ತೆ

ಎಸ್‌ಡಿಎಚ್ ತಂತ್ರಜ್ಞಾನದ ಉಪಕರಣಗಳು ಪ್ರತಿ ಸೆಕೆಂಡಿಗೆ 8000 ಮಾಹಿತಿ ಚೌಕಟ್ಟುಗಳನ್ನು ಕಳುಹಿಸುತ್ತವೆ. ಸಂಕೇತವು ನಿಂತುಹೋದರೆ ಅಥವಾ ಅದರಲ್ಲಿ ತಪ್ಪುಗಳು ಮಿತಿ ಮೀರಿದರೆ ಸ್ವೀಕರಿಸುವ ಉಪಕರಣವು ತಾನಾಗಿಯೇ ಅದನ್ನು ಗುರುತಿಸುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾನದಂಡದಂತೆ, ದೋಷ ಪತ್ತೆಯಾದ ನಂತರ 50 ಮಿಲಿಸೆಕೆಂಡುಗಳೊಳಗೆ ಮಾರ್ಗ ಬದಲಾವಣೆ ಪೂರ್ಣಗೊಳ್ಳತಕ್ಕದ್ದು. ಆದ್ದರಿಂದ ಸಾಮಾನ್ಯವಾಗಿ ಕರೆಯು ಕಡಿತಗೊಳ್ಳುವುದಿಲ್ಲ.

ಬದಲಿ ವ್ಯವಸ್ಥೆಯ ವಿಧಗಳು

1. 1+1 ವಿಧ: ಸಂಕೇತವನ್ನು ಎರಡೂ ಮಾರ್ಗಗಳಲ್ಲಿ ಸದಾ ಕಳುಹಿಸಲಾಗುತ್ತದೆ. ಸ್ವೀಕರಿಸುವ ತುದಿಯು ಉತ್ತಮವಾದುದನ್ನು ಆಯ್ದುಕೊಳ್ಳುತ್ತದೆ.

2. 1:1 ವಿಧ: ಬದಲಿ ಮಾರ್ಗವನ್ನು ಕಾಯ್ದಿರಿಸಲಾಗುತ್ತದೆ. ದೋಷ ಉಂಟಾದಾಗ ಎರಡೂ ತುದಿಗಳ ಉಪಕರಣಗಳು ಪರಸ್ಪರ ಸೂಚನೆ ವಿನಿಮಯ ಮಾಡಿಕೊಂಡು ಅದಕ್ಕೆ ವರ್ಗಾವಣೆಗೊಳ್ಳುತ್ತವೆ.

3. ವರ್ತುಲ ವಿಧ: ಹಲವು ಕೇಂದ್ರಗಳನ್ನು ಉಂಗುರದ ಆಕಾರದಲ್ಲಿ ಜೋಡಿಸಲಾಗುತ್ತದೆ. ಒಂದು ಕಡೆ ಕೇಬಲ್ ತುಂಡಾದರೆ ಕರೆಗಳು ವಿರುದ್ಧ ದಿಕ್ಕಿನಿಂದ ಸುತ್ತಿ ತಲುಪುತ್ತವೆ.

ಕರೆಗಳನ್ನು ನಿಯಂತ್ರಿಸುವ ಎಸ್‌ಎಸ್7 ಸೂಚನಾ ಮಾರ್ಗಗಳಲ್ಲಿ ಪ್ರತಿ ಸಂದೇಶಕ್ಕೂ ಕ್ರಮಸಂಖ್ಯೆ ಇರುತ್ತದೆ. ಒಂದು ಮಾರ್ಗ ಕೆಟ್ಟಾಗ, ತಲುಪಿದ ಬಗ್ಗೆ ಸ್ವೀಕೃತಿ ಬಾರದ ಸಂದೇಶಗಳನ್ನು ಮಾತ್ರ ಬದಲಿ ಮಾರ್ಗದಲ್ಲಿ ಪುನಃ ಕಳುಹಿಸಲಾಗುತ್ತದೆ.

ಮುಖ್ಯ ಮಾರ್ಗಕ್ಕೆ ಮರಳುವುದು

ದುರಸ್ತಿಯಾದ ಕೂಡಲೇ ಉಪಕರಣವು ಮರಳುವುದಿಲ್ಲ. ಮತ್ತೆ ಮತ್ತೆ ಮಾರ್ಗ ಬದಲಾಗುವುದನ್ನು ತಡೆಯಲು, ಮರಳುವಂತೆ ಹೊಂದಿಸಲಾದ ವ್ಯವಸ್ಥೆಗಳಲ್ಲಿ ಸಾಮಾನ್ಯವಾಗಿ 5ರಿಂದ 12 ನಿಮಿಷಗಳ ಕಾಯುವ ಅವಧಿಯನ್ನು ನಿಗದಿಪಡಿಸಲಾಗಿರುತ್ತದೆ.

ಮಿತಿಗಳು

- ಎರಡೂ ಕೇಬಲ್‌ಗಳು ಒಂದೇ ಕಂದಕದಲ್ಲಿದ್ದರೆ ಒಂದೇ ಅಗೆತಕ್ಕೆ ಎರಡೂ ತುಂಡಾಗುತ್ತವೆ. ಆದ್ದರಿಂದ ಪ್ರತ್ಯೇಕ ದಾರಿಗಳು ಅವಶ್ಯಕ.

- ಬದಲಿ ಮಾರ್ಗದಲ್ಲಿ ಸೇವೆ ನಡೆಯುತ್ತಿರುವಾಗ ಗ್ರಾಹಕರಿಗೆ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ. ಆದರೆ ಆ ಅವಧಿಯಲ್ಲಿ ಜಾಲಕ್ಕೆ ರಕ್ಷಣೆ ಇರುವುದಿಲ್ಲ. ಎರಡನೆಯ ದೋಷ ಸಂಭವಿಸಿದರೆ ತುರ್ತು ಸೇವೆಯ 112 ಕರೆಗಳೂ ಸೇರಿದಂತೆ ಸೇವೆ ಸ್ಥಗಿತಗೊಳ್ಳಬಹುದು.

- ವಿತರಣಾ ಪೆಟ್ಟಿಗೆಯಿಂದ ಮನೆಗೆ ಬರುವ ತಂತಿಗೆ ಸಾಮಾನ್ಯವಾಗಿ ಬದಲಿ ಮಾರ್ಗವಿರುವುದಿಲ್ಲ.

ಸಾರ್ವಜನಿಕರ ಗಮನಕ್ಕೆ

1. ತಮ್ಮ ಸ್ಥಿರ ದೂರವಾಣಿ ಮಾತ್ರ ಸ್ಥಗಿತಗೊಂಡು ನೆರೆಹೊರೆಯವರದು ಕಾರ್ಯನಿರ್ವಹಿಸುತ್ತಿದ್ದರೆ, ದೋಷವು ಬಹುತೇಕ ಮನೆಯ ತಂತಿಯಲ್ಲಿಯೋ ಉಪಕರಣದಲ್ಲಿಯೋ ಇರುತ್ತದೆ. ಇದು ತಾನಾಗಿ ಸರಿಹೋಗುವುದಿಲ್ಲವಾದ್ದರಿಂದ ಸೇವಾದಾರರಲ್ಲಿ ದೂರು ದಾಖಲಿಸಿ, ದೂರು ಸಂಖ್ಯೆಯನ್ನು ಪಡೆದುಕೊಳ್ಳುವುದು.

2. ರಸ್ತೆ ಬದಿಯಲ್ಲಿ ತುಂಡಾದ ಕೇಬಲ್ ಕಂಡುಬಂದಲ್ಲಿ, ತಮ್ಮ ದೂರವಾಣಿ ಸರಿಯಾಗಿದ್ದರೂ ಸೇವಾದಾರರಿಗೆ ತಿಳಿಸುವುದು. ಕೇಬಲ್ ಅನ್ನು ಮುಟ್ಟಬಾರದು. ಫೈಬರ್‌ನ ತುದಿಯನ್ನು ಕಣ್ಣಿಗೆ ನೇರವಾಗಿ ಹಿಡಿದು ನೋಡಬಾರದು.

3. ಅಗೆತದ ಕಾಮಗಾರಿ ಕೈಗೊಳ್ಳುವವರು, 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರವು ಪ್ರಾರಂಭಿಸಿದ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ಮೂಲಕ ಕೇಬಲ್ ಮಾಲೀಕರಿಗೆ ಮುಂಚಿತವಾಗಿ ಮಾಹಿತಿ ನೀಡುವುದು.