ಬೇಸಗೆಯ ಹೊಳೆ, ಸಂಜೆಯ ಸೂರ್ಯ

ಕಳೆದ ಬೇಸಗೆಯಲ್ಲಿ ಗೆಳೆಯರೊಬ್ಬರೊಡನೆ ಪಾವಗಡದ ಕಡೆ ಹೋಗಿದ್ದೆ. ತಿರುಮಣಿಯ ಬಯಲಿನಲ್ಲಿ ಕಣ್ಣು ಹಾಯುವಷ್ಟು ದೂರವೂ ಗಾಜಿನ ಹಲಗೆಗಳು. ರೈತರಿಂದ ಗುತ್ತಿಗೆಗೆ ಪಡೆದ ನೆಲ ಸುಮಾರು 13,000 ಎಕರೆ; ಸೌರಶಕ್ತಿ 2,050 ಮೆಗಾವ್ಯಾಟ್. ಹೊತ್ತು ಮುಳುಗುವವರೆಗೂ ನಿಂತು ನೋಡಿದೆವು. "ಇನ್ನು ಬೆಳಗಾಗುವ ತನಕ ಇದಿಷ್ಟೂ ಬರಿಯ ಗಾಜು" ಎಂದರು ಗೆಳೆಯರು. ಬೆಂಗಳೂರಿನಲ್ಲಿ ಮನೆಮನೆಯ ದೀಪ ಹತ್ತುವ ಹೊತ್ತು ಅದು. ವಿದ್ಯುತ್ತು ಕಣಜದ ರಾಗಿಯಲ್ಲ. ಬೇಕಾದ ಗಳಿಗೆಗೆ ಬೇಕಾದಷ್ಟೇ ತಂತಿಗೆ ಬರಬೇಕು.

ಇದೇನು ಹೊಸ ಸಂಕಟವಲ್ಲ. 1902ರಲ್ಲಿ ಶಿವನಸಮುದ್ರದಿಂದ 92 ಮೈಲಿ ತಂತಿ ಎಳೆದು ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಒಯ್ದರು. ಜಗತ್ತಿನಲ್ಲಿಯೇ ಅಪರೂಪವಾಗಿದ್ದ ಆ ಸಾಹಸಕ್ಕೆ ಬೆನ್ನಾಗಿದ್ದ ದಿವಾನ್ ಶೇಷಾದ್ರಿ ಅಯ್ಯರ್ ಹಿಂದಿನ ವರ್ಷವೇ ತೀರಿಕೊಂಡಿದ್ದರು. ನಮ್ಮ ಪಠ್ಯಪುಸ್ತಕಗಳು ಕಥೆಯನ್ನು ಇಲ್ಲಿಗೇ ನಿಲ್ಲಿಸಿ ಜಯಘೋಷ ಮಾಡುತ್ತವೆ. ಆದರೆ ಗಣಿಗೆ ಮಳೆಗಾಲ, ಬೇಸಗೆಯೆಂಬ ಭೇದವಿಲ್ಲ. ನೆಲದಾಳದಲ್ಲಿ ಆಳುಗಳಿರುವಾಗ ಯಂತ್ರ ನಿಲ್ಲುವಂತಿಲ್ಲ. ಕಾವೇರಿಯೋ ಆಷಾಢದಲ್ಲಿ ಉಕ್ಕಿ ಚೈತ್ರದಲ್ಲಿ ಬಂಡೆ ತೋರಿಸುವ ಹೊಳೆ.

ಕನ್ನಂಬಾಡಿಯೆಂದರೆ ನಮಗೆ ಮಂಡ್ಯದ ಕಬ್ಬಿನ ಗದ್ದೆ ನೆನಪಾಗುತ್ತದೆ. 1909ರಲ್ಲಿ ಮುಖ್ಯ ಇಂಜಿನಿಯರರಾಗಿ ಬಂದ ವಿಶ್ವೇಶ್ವರಯ್ಯನವರ ಮನಸ್ಸಿನಲ್ಲಿ ಗದ್ದೆಯ ಜೊತೆಗೆ ಶಿವನಸಮುದ್ರದ ಯಂತ್ರಗಳ ಬೇಸಗೆಯ ಬಾಯಾರಿಕೆಯೂ ಇದ್ದಿತು. 1911ರಲ್ಲಿ ಕೆಲಸ ಮೊದಲಾಯಿತು. ಕಟ್ಟೆ ಎದ್ದ ಮೇಲೆ ಹಳೆಯ ಕನ್ನಂಬಾಡಿಯೂ ಅದರ ವೇಣುಗೋಪಾಲನ ಗುಡಿಯೂ ನೀರಿನಡಿ ಹೋದವು. ಮಳೆಗಾಲವನ್ನು ಬೇಸಗೆಗೆ ಎತ್ತಿಡುವುದಕ್ಕೆ ಊರುಗಳನ್ನೇ ತೆರಬೇಕಾಯಿತು.

1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಬಂದಾಗ ಆದದ್ದೂ ಇದೇ, ಇನ್ನೂ ದೊಡ್ಡದಾಗಿ. ಆ ಮುಳುಗಡೆಯ ಮನೆತನದ ವಿದ್ಯಾರ್ಥಿಯೊಬ್ಬ ನನ್ನ ತರಗತಿಯಲ್ಲಿದ್ದ. ಹಿನ್ನೀರು ಇಳಿದ ವರ್ಷಗಳಲ್ಲಿ ಅವನ ಅಜ್ಜ ನಡೆದುಹೋಗಿ, ತಮ್ಮ ಅಂಗಳದ ಕಲ್ಲನ್ನು ಮುಟ್ಟಿ ಬರುತ್ತಿದ್ದರಂತೆ.

ಸೂರ್ಯ ಮುಳುಗಿದ ಮೇಲೆ ನಾಡಿನ ತಂತಿಯನ್ನು ತುಂಬಬಲ್ಲವುಗಳಲ್ಲಿ ಈ ಜಲಾಶಯಗಳೂ ಸೇರಿವೆ. ನೀರು ಬಿಟ್ಟ ಕೆಲವೇ ನಿಮಿಷಗಳಲ್ಲಿ ಯಂತ್ರ ತಿರುಗುತ್ತದೆ. ಅಷ್ಟು ಸಾಲದೆಂದು, ಹಗಲಿನ ಹೆಚ್ಚಳದ ವಿದ್ಯುತ್ತಿನಿಂದ ಗೇರುಸೊಪ್ಪದ ನೀರನ್ನು ಮೇಲಿನ ತಳಕಳಲೆಗೆ ಎತ್ತಿ ಸಂಜೆ ಇಳಿಬಿಡುವ 2,000 ಮೆಗಾವ್ಯಾಟ್ ಯೋಜನೆ ರೂಪುಗೊಂಡಿದೆ. ಇಳಿಯುವಾಗ ಸಿಗುವುದಕ್ಕಿಂತ ಎತ್ತಲು ಹಿಡಿಯುವುದೇ ಹೆಚ್ಚು. ಆದರೂ ವ್ಯರ್ಥವಾಗುವ ಬಿಸಿಲಿಗಿಂತ ಅದು ಮೇಲೆಂಬ ಲೆಕ್ಕ. ಅಲ್ಲಿರುವುದು ಸಿಂಗಳೀಕಗಳ ಕಾಡು, ವಿರೋಧವೂ ಎದ್ದಿದೆ. ಯೋಜಕರ ಲೆಕ್ಕ ತಪ್ಪೆನ್ನಲಾರೆ. ಆ ಲೆಕ್ಕದಲ್ಲಿ ಹಳೆಯ ಬಾಕಿಯ ಕಲಮೇ ಇಲ್ಲವೆಂಬುದು ನನ್ನ ತಕರಾರು. ಪಾವಗಡದಲ್ಲಿ ಹೊಲ ಕೊಟ್ಟವನಿಗೆ ವರ್ಷವರ್ಷವೂ ಗುತ್ತಿಗೆಯ ಹಣ ಬರುತ್ತದೆ. ಶರಾವತಿಯ ಮುಳುಗಡೆಯವರಲ್ಲಿ ಹಲವರು ಕುಳಿತ ನೆಲದ ಹಕ್ಕುಪತ್ರಕ್ಕಾಗಿ ಇನ್ನೂ ಕಚೇರಿಗಳಿಗೆ ಅಲೆಯುತ್ತಿದ್ದಾರೆ.