ಡಿಗಾಕ್ಸಿನ್ ಮಾತ್ರೆ ಸೇವಿಸುವವರ ರಕ್ತಪರೀಕ್ಷೆ – ಸಾರ್ವಜನಿಕರಿಗೆ ಮಾಹಿತಿ

ಹೃದಯ ವೈಫಲ್ಯಕ್ಕೂ ಏಟ್ರಿಯಲ್ ಫಿಬ್ರಿಲೇಷನ್ ಎಂಬ ಹೃದಯ ಬಡಿತದ ಏರುಪೇರಿಗೂ ವೈದ್ಯರು ನೀಡುವ ಔಷಧಗಳಲ್ಲಿ ಡಿಗಾಕ್ಸಿನ್ ಒಂದಾಗಿರುತ್ತದೆ. ಡಿಜಿಟಾಲಿಸ್ ಗಿಡದಿಂದ ದೊರೆಯುವ ಈ ವರ್ಗದ ಔಷಧದ ಕುರಿತು ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲಿಯೇ ಗ್ರಂಥ ಪ್ರಕಟಿಸಿ, ಪ್ರಮಾಣ ಮೀರಿದಲ್ಲಿ ಉಂಟಾಗುವ ತೊಂದರೆಗಳನ್ನೂ ದಾಖಲಿಸಿದ್ದರು. ಗುಣ ನೀಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಅತ್ಯಲ್ಪವಾದ ಕಾರಣ, ರಕ್ತದಲ್ಲಿನ ಔಷಧದ ಅಂಶವನ್ನು ಅಳೆಯಬೇಕಾಗುತ್ತದೆ.

ಈ ಪರೀಕ್ಷೆಯಲ್ಲಿ ಮುಖ್ಯವಾದುದು ರಕ್ತ ನೀಡುವ ವೇಳೆ. ನುಂಗಿದ ಮಾತ್ರೆಯ ಅಂಶವು ಮೊದಲು ರಕ್ತದಲ್ಲಿ ಏರಿ, ನಂತರ ಹೃದಯ ಮುಂತಾದ ಅಂಗಾಂಶಗಳಿಗೆ ಹಂಚಿಕೆಯಾಗಲು ಸುಮಾರು 6 ಗಂಟೆ ಹಿಡಿಯುತ್ತದೆ. ಅದಕ್ಕೆ ಮೊದಲೇ ರಕ್ತ ನೀಡಿದಲ್ಲಿ ವರದಿಯಲ್ಲಿ ಹುಸಿಯಾಗಿ ಹೆಚ್ಚಿನ ಅಂಕಿ ಬಂದು, ಸರಿಯಾಗಿಯೇ ಇದ್ದ ಮಾತ್ರೆಯನ್ನು ಕಡಿಮೆ ಮಾಡುವ ಸಂಭವವಿದೆ. ಮುಂಜಾನೆ ಕಾಫಿಯೊಂದಿಗೆ ಮಾತ್ರೆ ನುಂಗಿ ಒಂಬತ್ತು ಗಂಟೆಗೆ ಪ್ರಯೋಗಾಲಯಕ್ಕೆ ಬರುವವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಬೆಳಿಗ್ಗೆ ಮಾತ್ರೆ ಸೇವಿಸುವವರು ಮೊದಲು ರಕ್ತ ನೀಡಿ, ಆನಂತರ ಮಾತ್ರೆ ಸೇವಿಸುವುದು ಸೂಕ್ತ. ಇದಕ್ಕಾಗಿ ಉಪವಾಸವಿರಬೇಕಾಗಿಲ್ಲ.

ಪರೀಕ್ಷೆಯ ಚೀಟಿಯಲ್ಲಿ ಕೊನೆಯ ಮಾತ್ರೆ ಸೇವಿಸಿದ ದಿನ ಮತ್ತು ಗಂಟೆಯನ್ನು ತಪ್ಪದೇ ಬರೆಸಲು ಕೋರಲಾಗಿದೆ. ವಾರದಲ್ಲಿ ಐದು ದಿನ ಮಾತ್ರ ಸೇವಿಸಲು ಸೂಚಿಸಲ್ಪಟ್ಟವರಿಗೆ ದಿನದ ನಮೂದು ಇನ್ನೂ ಅಗತ್ಯ.

ಹೃದಯ ವೈಫಲ್ಯದ ರೋಗಿಗಳಲ್ಲಿ ಸಾಮಾನ್ಯವಾಗಿ ಪ್ರತಿ ಮಿಲಿಲೀಟರಿಗೆ 0.5 ರಿಂದ 0.9 ನ್ಯಾನೋಗ್ರಾಂ ಇರುವಂತೆ ನೋಡಿಕೊಳ್ಳಲಾಗುತ್ತದೆ. ವರದಿಯಲ್ಲಿ 2.0 ವರೆಗೆ ‘ಸಹಜ’ವೆಂದು ಮುದ್ರಿತವಾಗಿದ್ದರೂ ಅದೊಂದನ್ನೇ ನಂಬಿ ನಿಶ್ಚಿಂತರಾಗುವಂತಿಲ್ಲ, ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆಯಾಗಿದ್ದಲ್ಲಿ ಅದಕ್ಕಿಂತ ಕೆಳಗಿನ ಅಂಕಿಯಲ್ಲಿಯೂ ವಿಷ ಪರಿಣಾಮ ತೋರಬಹುದು. ಮೂತ್ರ ಹೆಚ್ಚಿಸುವ ಮಾತ್ರೆಗಳಿಂದ ಪೊಟ್ಯಾಸಿಯಂ ಕುಗ್ಗುವುದುಂಟು.

ಎಲ್ಲರಿಗೂ ಪದೇ ಪದೇ ಈ ಪರೀಕ್ಷೆ ಬೇಕಿಲ್ಲ. ಡಿಗಾಕ್ಸಿನ್ ಬಹುಪಾಲು ಮೂತ್ರಪಿಂಡದ ಮೂಲಕವೇ ಹೊರಹೋಗುವುದರಿಂದ, ಮೂತ್ರಪಿಂಡದ ಶಕ್ತಿ ಕುಂದಿದವರಿಗೆ, ವೃದ್ಧರಿಗೆ, ಹಾಗೂ ಅಮಿಯೋಡರೋನ್, ವೆರಪಾಮಿಲ್ ಅಥವಾ ಕ್ಲಾರಿತ್ರೋಮೈಸಿನ್ ಹೊಸದಾಗಿ ಆರಂಭಿಸಿದವರಿಗೆ ವೈದ್ಯರು ಇದನ್ನು ಸೂಚಿಸಬಹುದು. ಮಾತ್ರೆಯ ಪ್ರಮಾಣ ಬದಲಾದ ಮರುದಿನವೇ ಪರೀಕ್ಷಿಸಿದಲ್ಲಿ ಪ್ರಯೋಜನವಾಗದು. ರಕ್ತದ ಮಟ್ಟ ಸ್ಥಿರಗೊಳ್ಳಲು ಒಂದು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಬೇಕು.

ಊಟ ಸೇರದಿರುವುದು, ವಾಂತಿ, ವಸ್ತುಗಳು ಹಳದಿಯಾಗಿ ಕಾಣುವುದು, ಗೊಂದಲ, ನಾಡಿ ಬಹಳ ನಿಧಾನವಾಗುವುದು ಅಥವಾ ತಾಳ ತಪ್ಪುವುದು ಕಂಡುಬಂದಲ್ಲಿ ಮುಂದಿನ ಮಾತ್ರೆ ಸೇವಿಸುವ ಮೊದಲೇ ವೈದ್ಯರನ್ನು ಸಂಪರ್ಕಿಸತಕ್ಕದ್ದು. ಪ್ರಜ್ಞೆ ತಪ್ಪಿದಲ್ಲಿ ಅಥವಾ ಮಾತ್ರೆಗಳನ್ನು ಹೆಚ್ಚಾಗಿ ನುಂಗಿದ್ದಲ್ಲಿ ಆರು ಗಂಟೆ ಕಾಯಕೂಡದು. ಕರ್ನಾಟಕದಲ್ಲಿರುವವರು 108ಕ್ಕೆ ಕರೆ ಮಾಡಿ, ಮಾತ್ರೆಯ ಪಟ್ಟಿಯನ್ನು ಜೊತೆಯಲ್ಲಿಯೇ ಆಸ್ಪತ್ರೆಗೆ ಒಯ್ಯತಕ್ಕದ್ದು.